ಅರ್ಧ ಸೆಕೆಂಡಿನ ಒಳಗೆ

ಜನವರಿ 3, ಶುಕ್ರವಾರ

ಕರೆಂಟ್ ಹೋಯಿತು. ಒಂಬತ್ತು ದಿನದಿಂದ ಓಡುತ್ತಿದ್ದ ಲೆಕ್ಕ, ಇನ್ನೆರಡು ದಿನ ಸಿಕ್ಕಿದ್ದರೆ ಮುಗಿಯುತ್ತಿತ್ತು, ಮಧ್ಯಾಹ್ನ ಊಟದ ಹೊತ್ತಿಗೆ ಸತ್ತುಹೋಯಿತು. ಯುಪಿಎಸ್ ಉಂಟು, ಅದರ ಬ್ಯಾಟರಿಗೆ ಪ್ರಾಯ ಆಗಿದೆಯಂತೆ. ಮಣಿಪಾಲದ ಆ ಲ್ಯಾಬಿನಲ್ಲಿ, ಕಪ್ಪಾದ ಪರದೆಯ ಮುಂದೆ ಬುತ್ತಿ ಹಿಡಿದುಕೊಂಡು ನಿಂತು ಬೈದೆ. ತುಳುವಿನಲ್ಲೇ ಬೈದೆ. ಕನ್ನಡದಲ್ಲಿ ಪಾಠ ಮಾಡಬಲ್ಲೆ, ದಿನಚರಿ ಬರೆಯಬಲ್ಲೆ, ಬೈಯಲಿಕ್ಕೆ ಮಾತ್ರ ಆಗುವುದಿಲ್ಲ.

ಸಂಜೆ ಕಾರ್ಕಳಕ್ಕೆ ಬಂದಾಗ ಅತ್ತೆ ನನ್ನ ಮುಖ ನೋಡಿಯೇ ಕೇಳಿದರು, "ಎಂತ ಆಯ್ತು?" ನಾನು ಕಾಲೇಜಿಗೆ ರಜೆ ಹಾಕಿ ಈ ಪ್ರಾಯದಲ್ಲಿ ಪಿಎಚ್‌ಡಿಗೆ ಹೊರಟದ್ದೇ ಗುಣವತಿ ಅತ್ತೆಗೆ ಒಂದು ತಮಾಷೆ. ಇವರು ಮಸ್ಕತ್‌ನಿಂದ ಫೋನ್ ಮಾಡಿದಾಗಲೆಲ್ಲ, "ನಿನ್ನ ಹೆಂಡತಿ ಪುನಃ ಶಾಲೆಗೆ ಸೇರಿದ್ದಾಳೆ" ಎನ್ನುತ್ತಾರೆ.

ಹೇಳಿದೆ. ಒಂದು ವಿದ್ಯುತ್ಕಾಂತ ಉಂಟು ಅತ್ತೆ, ತಂತಿಯ ಸುರುಳಿ. ಅದನ್ನು ದ್ರವ ಹೀಲಿಯಂನಲ್ಲಿ ಮುಳುಗಿಸಿ ಮಂಜುಗಡ್ಡೆಗಿಂತ ಎಷ್ಟೋ ತಣ್ಣಗೆ ಮಾಡಿದರೆ ಕರೆಂಟಿಗೆ ಒಂದಿಷ್ಟೂ ತಡೆ ಇಲ್ಲ. ಆದರೆ ಸಾಸಿವೆಯಷ್ಟು ಜಾಗ ಬಿಸಿಯಾಯಿತೋ, ಅಲ್ಲಿ ತಡೆ ಹುಟ್ಟುತ್ತದೆ. ತಡೆಯಿಂದ ಬಿಸಿ, ಬಿಸಿಯಿಂದ ಇನ್ನಷ್ಟು ತಡೆ. ಅರ್ಧ ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಆ ಹೊತ್ತಿಗೆ ಸುರುಳಿ ಉಳಿಯುತ್ತದೋ ಸುಟ್ಟುಹೋಗುತ್ತದೋ ಎಂದು ಮೊದಲೇ ಹೇಳುವುದು ನನ್ನ ಲೆಕ್ಕ.

"ಅರ್ಧ ಸೆಕೆಂಡಿನ ಲೆಕ್ಕಕ್ಕೆ ಹನ್ನೊಂದು ದಿನವಾ? ಅಷ್ಟರಲ್ಲಿ ನಾನು ಉಪ್ಪಿನಕಾಯಿ ಹಾಕಿ, ನೀವೆಲ್ಲ ಅದನ್ನು ತಿಂದು ಮುಗಿಸಬಹುದು."

ನಗು ಬರಲಿಲ್ಲ. ಈಗ ಬರೆಯುವಾಗ ಸ್ವಲ್ಪ ಬಂತು.

ಜನವರಿ 6, ಸೋಮವಾರ

ಮೀಟಿಂಗ್. ಉಮಾನಾಥ ಸರ್ ಪ್ರಾಜೆಕ್ಟಿನ ಯಜಮಾನರು, ಒಂದು ಮಾತನ್ನು ಮೂರು ಸಲ ಹೇಳದೆ ಬಿಡುವವರಲ್ಲ. ಹೀಲಿಯಂ ಫೆಬ್ರವರಿ ಮೊದಲ ವಾರ ಬರುತ್ತದೆ. ಬಂದ ಮೇಲೆ ಸುರುಳಿಗೆ ಪೂರ್ತಿ ಕರೆಂಟ್ ಕೊಟ್ಟು, ಬೇಕೆಂದೇ ಒಂದು ಮೂಲೆಯನ್ನು ಬಿಸಿ ಮಾಡಿ, ಅದನ್ನು ಕಾಪಾಡುವ ಏರ್ಪಾಡು ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕು. ಆ ಪರೀಕ್ಷೆ ಆಗದೆ ಹಸುಗೂಸುಗಳ ತಲೆ ನೋಡುವ ಎಂಆರ್‌ಐ ಯಂತ್ರಕ್ಕೆ ಅದನ್ನು ಕೂರಿಸುವ ಹಾಗಿಲ್ಲ.

ಏರ್ಪಾಡು ಎಂದರೆ ಇಷ್ಟೆ. ಬಿಸಿ ಗೊತ್ತಾದ ಕೂಡಲೇ ಒಂದು ಸ್ವಿಚ್ ತೆರೆಯುತ್ತದೆ, ಸುರುಳಿಯ ಕರೆಂಟ್ ಹೊರಗಿನ ಒಂದು ರೆಸಿಸ್ಟರಿಗೆ ಹೋಗಿ ಅಲ್ಲಿ ಶಾಖವಾಗಿ ಖರ್ಚಾಗುತ್ತದೆ. ರೆಸಿಸ್ಟರ್ ದೊಡ್ಡದಾದರೆ ಸುರುಳಿಯ ಒಳಗೆ ವೋಲ್ಟೇಜ್ ಏರಿ ಪದರಗಳ ನಡುವಿನ ನಿರೋಧಕ ಲೇಪ ಹರಿದುಹೋಗುತ್ತದೆ. ಚಿಕ್ಕದಾದರೆ ಕರೆಂಟ್ ಬೇಗ ಖಾಲಿಯಾಗದೆ ತಂತಿ ಸುಡುತ್ತದೆ. ಎಷ್ಟು ದೊಡ್ಡದು, ಸ್ವಿಚ್ ಎಷ್ಟು ಬೇಗ, ಇದನ್ನು ನಾನು ಹೇಳಬೇಕು. ನಲ್ವತ್ತು ಬಗೆ ನೋಡಲಿಕ್ಕೆ ಉಂಟು. ಒಂದಕ್ಕೆ ಹನ್ನೊಂದು ದಿನ.

"ಹಾಗಾದರೆ ಮುಂದಿನ ವರ್ಷ ಮಾರ್ಚಿಗೆ ಹೇಳುತ್ತೇನೆ ಸರ್" ಎಂದೆ. ಸರ್ ನಗಲಿಲ್ಲ.

ಮೂಲೆಯಲ್ಲಿ ಕೂತಿದ್ದ ನೆವಿಲ್ ಮಾತ್ರ, "ಮೇಡಂ, ಒಮ್ಮೆ ಕೆಳಗೆ ಬಂದು ಅದನ್ನು ನೋಡಿ" ಎಂದ. ಸುರುಳಿ ಸುತ್ತಿದವನು ಅವನೇ, ಕಾಪುವಿನವನು. ಎರಡು ವರ್ಷ ಹಿಡಿಯಿತಂತೆ. ಅದಕ್ಕೆ ಬೇಕಾದ ತಂತಿ ಈಗ ಎಲ್ಲೂ ಸಿಗುವುದಿಲ್ಲ, ಹೋದರೆ ಹೋಯಿತು.

"ನನಗೆ ಸಮೀಕರಣ ಸಾಕು ಮಾರಾಯ" ಎಂದೆ. ನಿಜವೇ. ಒಲೆ ನೋಡದೆ ಶಾಖದ ಸಮೀಕರಣ ಪಾಠ ಮಾಡಿದ್ದೇನೆ ಇಷ್ಟು ವರ್ಷ.

ಜನವರಿ 14, ಮಂಗಳವಾರ

ಇವತ್ತಿನದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ.

ಇದ್ದ ಸ್ವಲ್ಪ ಹೀಲಿಯಂನಲ್ಲಿ ಸುರುಳಿಯನ್ನು ತಣಿಸಿ, ಕಡಿಮೆ ಕರೆಂಟ್ ಕೊಟ್ಟು ನೋಡುವವರಿದ್ದರು. ನೆವಿಲ್ ಬಂದು ಬಾಗಿಲಲ್ಲೇ ನಿಂತ, ನಾನು ಏಳುವವರೆಗೆ ಹೋಗಲಿಲ್ಲ. ಕೆಳಗೆ ಇಳಿದೆ. ಸುರುಳಿ ಕಾಣುವುದೇ ಇಲ್ಲ. ಅನ್ನದ ಹಂಡೆಯಷ್ಟು ದೊಡ್ಡ ಸ್ಟೀಲಿನ ಪಾತ್ರೆ, ಒಳಗೆ ಅದು. ಇದನ್ನು ನೋಡಲಿಕ್ಕೆ ಕರೆದದ್ದಾ ಎಂದು ಸಿಟ್ಟು ಬಂತು.

ಅವನು ಕರೆಂಟ್ ಕೊಟ್ಟ. ಪಾತ್ರೆಯ ಪಕ್ಕದ ಮೇಜಿನ ಮೇಲೆ ದಿಕ್ಸೂಚಿ ಇಟ್ಟಿದ್ದ, ಅದರ ಮುಳ್ಳು ಉತ್ತರ ಬಿಟ್ಟು ಪಾತ್ರೆಯ ಕಡೆ ತಿರುಗಿತು. ಇದರಲ್ಲಿ ಎಂತ ಉಂಟು, ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಆಮೇಲೆ ಅವನು ಕರೆಂಟ್ ಕೊಡುವ ಯಂತ್ರವನ್ನು ಆಫ್ ಮಾಡಿದ. ವೈರುಗಳನ್ನೂ ಕಳಚಿ ನೆಲದ ಮೇಲೆ ಇಟ್ಟ.

ಮುಳ್ಳು ಅಲುಗಲಿಲ್ಲ.

"ಒಳಗೆ ಕರೆಂಟ್ ಓಡ್ತಾ ಉಂಟು ಮೇಡಂ. ತಣ್ಣಗಿರುವವರೆಗೆ ಓಡ್ತದೆ."

"ಯಾರು ಓಡಿಸುವುದು?"

"ಯಾರೂ ಇಲ್ಲ."

ಊಟ ಮಾಡಿ ಬಂದು ನೋಡಿದೆ. ಹಾಗೆಯೇ. ಮೂರು ಗಂಟೆಗೆ ನೋಡಿದೆ. ಬಸ್ಸಿಗೆ ಹೊರಡುವ ಮೊದಲು, ಏನೋ ಮರೆತೆ ಎಂದು ನೆವ ಹೇಳಿ ಪುನಃ ಇಳಿದು ನೋಡಿದೆ. ತಡೆ ಸೊನ್ನೆ ಎಂದು ನಾನು ಎಷ್ಟು ಸಲ ಬರೆದಿಲ್ಲ! ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದೆ. ಅಯ್ಯೋ ದೇವರೇ, ಯಾರೂ ದೂಡದೆ, ಎಲ್ಲೂ ಸುಸ್ತಾಗದೆ, ಆ ಪಾತ್ರೆಯ ಒಳಗೆ ಅದು ಸುತ್ತುತ್ತಾ ಉಂಟು. ನಾನಿಲ್ಲಿ ಸಂಕ್ರಾಂತಿಯ ಎಳ್ಳು ತಿನ್ನುತ್ತಿರುವಾಗಲೂ ಸುತ್ತುತ್ತಾ ಉಂಟು.

ಜನವರಿ 21, ಮಂಗಳವಾರ

ಬಸ್ಸಿನಲ್ಲಿ ಹೊಳೆಯಿತು. ಬೇಗ ಬರೆದಿಡುತ್ತೇನೆ.

ಎಕ್ಸ್‌ಪ್ರೆಸ್ ತಪ್ಪಿತು, ಸರ್ವಿಸ್ ಬಸ್ ಹತ್ತಿದೆ. ಕೈ ತೋರಿಸಿದಲ್ಲೆಲ್ಲ ನಿಲ್ಲುವ ಬಸ್. ನನ್ನ ಎದುರಿನ ಸೀಟಿನಲ್ಲಿ ಒಬ್ಬರು ಉಡುಪಿಯ ಟಿಕೆಟ್ ತೆಗೆದುಕೊಂಡು ಮಲಗಿದರು. ಹೊಸ ಕಂಡಕ್ಟರ್, ಹುರುಪು ಜಾಸ್ತಿ. ಬೈಲೂರಿನಲ್ಲಿ ಅವರನ್ನು ಎಬ್ಬಿಸಿ "ಟಿಕೆಟ್?" ಎಂದ. ಹಿರಿಯಡ್ಕದಲ್ಲಿ ಎಬ್ಬಿಸಿ "ಟಿಕೆಟ್?" ಎಂದ. ಮೂರನೆಯ ಸಲ ಅವರು, "ನಾನು ಇಲ್ಲೇ ಇದ್ದೇನೆ ಮಾರಾಯಾ, ಎಲ್ಲಿಗೂ ಹೋಗಲಿಲ್ಲ!" ಎಂದು ಬೊಬ್ಬೆ ಹಾಕಿದರು. ಇಡೀ ಬಸ್ ನಕ್ಕಿತು, ನಾನು ನಗಲಿಲ್ಲ. ನಾನೂ ಅದನ್ನೇ ಮಾಡುತ್ತಿದ್ದೇನೆ ಅಲ್ವಾ?

ಸುರುಳಿಯಲ್ಲಿ ಕಾಂತಕ್ಷೇತ್ರಕ್ಕೆ ಭಯಂಕರ ಗಡಿಬಿಡಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಾವಿರ ಸಲ ಬದಲಾಗುತ್ತದೆ. ಅದರ ಹಿಂದೆ ಹೋಗಬೇಕಾದರೆ ಪುಟ್ಟ ಪುಟ್ಟ ಹೆಜ್ಜೆ ಇಡಬೇಕು. ಶಾಖಕ್ಕೆ ಉದಾಸೀನ, ಮೆಲ್ಲ ಹರಿಯುತ್ತದೆ. ನಾನು ಎರಡನ್ನೂ ಒಂದೇ ಲೆಕ್ಕಕ್ಕೆ ಕಟ್ಟಿ, ಕ್ಷೇತ್ರದ ಪ್ರತಿ ಹೆಜ್ಜೆಗೂ ಶಾಖವನ್ನು ಎಬ್ಬಿಸಿ "ಎಲ್ಲಿದ್ದೀ?" ಎಂದು ಕೇಳುತ್ತಿದ್ದೇನೆ. ಅದು ಪ್ರತಿ ಸಲ "ಇಲ್ಲೇ" ಎನ್ನುತ್ತದೆ. ಹನ್ನೊಂದು ದಿನ ಹೋಗುವುದು ಅಲ್ಲಿ.

ಇಬ್ಬರಿಗೂ ಅವರವರ ಗಡಿಯಾರ ಕೊಡಬೇಕು. ಆಗಾಗ ಭೇಟಿಯಾಗಿ, ನೀನು ಎಲ್ಲಿಗೆ ಬಂದಿ ನಾನು ಎಲ್ಲಿಗೆ ಬಂದೆ ಎಂದು ಹೇಳಿಕೊಂಡು, ತಾಳೆಯಾಗದಿದ್ದರೆ ಆ ತುಂಡನ್ನು ಇನ್ನೊಮ್ಮೆ ಮಾಡಿದರೆ ಸಾಕು. ಬೇರೆಯವರೂ ಹೀಗೆ ಮಾಡಿದ್ದುಂಟು, ಓದಿದ್ದೆ. ಓದಿ ಪಕ್ಕಕ್ಕೆ ಇಟ್ಟಿದ್ದೆ.

ಜನವರಿ 23

ಆಗುವುದಿಲ್ಲ. ಎರಡು ಗಡಿಯಾರಗಳೂ ಜಗಳ ಮಾಡಿ ಲೆಕ್ಕದ ಉತ್ತರ ಎಲ್ಲೋ ಆಕಾಶಕ್ಕೆ ಹೋಗುತ್ತದೆ.

ಜನವರಿ 24

ಮಂಡೆ ಬೆಚ್ಚ. ಅತ್ತೆ ಕೇಳಿದ್ದಕ್ಕೆಲ್ಲ "ಎಂತ ಇಲ್ಲ" ಎಂದೆ.

ಜನವರಿ 28, ಮಂಗಳವಾರ

ಆಯಿತು! ಆಯಿತು! ಹನ್ನೊಂದು ದಿನದ ಲೆಕ್ಕ ಊಟಕ್ಕೆ ಮೊದಲು ಕೂತು ಚಾಕ್ಕೆ ಮೊದಲು ಮುಗಿಯಿತು. ಡಿಸೆಂಬರಿನಲ್ಲಿ ಪೂರ್ತಿ ಓಡಿದ ಒಂದೇ ಒಂದು ಹಳೆಯ ಲೆಕ್ಕದ ಶಾಖದ ಗೆರೆಯ ಮೇಲೆ ಇದರ ಗೆರೆ ಇಟ್ಟು ನೋಡಿದೆ, ಒಂದರ ಮೇಲೆ ಒಂದು ಕೂತಿತು. ಎದ್ದು ಕೋಣೆಯಲ್ಲಿ ಒಂದು ಸುತ್ತು ಹಾಕಿದೆ. ಯಾರೂ ಇರಲಿಲ್ಲ, ಪುಣ್ಯ.

ಆಮೇಲೆ ಬಣ್ಣ ಹಾಕಿ ನಿಧಾನವಾಗಿ ಓಡಿಸಿ ನೋಡಿದೆ. ಅರ್ಧ ಸೆಕೆಂಡನ್ನು ಹತ್ತು ನಿಮಿಷಕ್ಕೆ ಎಳೆದು. ಇಷ್ಟು ದಿನ ಕೊನೆಯ ಅಂಕಿಗಳನ್ನು ಮಾತ್ರ ನೋಡುತ್ತಿದ್ದೆ. ಎಂತ ಹೇಳುವುದು! ಪೂರ್ತಿ ನೀಲಿ. ಒಂದು ಮೂಲೆಯಲ್ಲಿ ಕೆಂಪು ಚುಕ್ಕೆ. ಅದು ತಂತಿಯ ಉದ್ದಕ್ಕೆ ಓಡುತ್ತದೆ, ಅಡ್ಡಕ್ಕೆ ತೆವಳುತ್ತದೆ, ಪಕ್ಕದ ಪದರ ಮುಟ್ಟುತ್ತದೆ. ಅಷ್ಟರಲ್ಲಿ ಕ್ಷೇತ್ರ ಕುಸಿಯುತ್ತದೆ, ಆ ಕುಸಿತದ ಪೆಟ್ಟಿಗೆ ದೂರದ ಮೂಲೆಗಳು ತಾವಾಗಿಯೇ ಬಿಸಿಯಾಗುತ್ತವೆ. ಯಾರೂ ಹೋಗಿ ಹೇಳದೆ ಅವುಗಳಿಗೆ ಗೊತ್ತಾಗುತ್ತದೆ. ಸಮೀಕರಣ ನನ್ನದೇ, ಆದರೂ ನಾನು ಬಾಯಿ ತೆರೆದುಕೊಂಡು ನೋಡಿದೆ. ಒಂದು ಸೀನು ಬರುವಷ್ಟು ಹೊತ್ತು, ಅದರೊಳಗೆ ಇಷ್ಟೊಂದು!

ನೆವಿಲ್‌ನನ್ನು ಕರೆದು ತೋರಿಸಿದೆ. ಅವನು ಕುರ್ಚಿ ಎಳೆದು ಕೂತು ಕೊನೆಯವರೆಗೆ ನೋಡಿದ. ಆಮೇಲೆ, "ಅದಕ್ಕೆ ನೋವಾಗುವುದನ್ನು ನೋಡಿದ ಹಾಗಾಯ್ತು" ಎಂದ. ನಾನು, "ನಿನ್ನದು ಅತಿ ಆಯ್ತು" ಎಂದೆ.

ಫೆಬ್ರವರಿ 2, ಭಾನುವಾರ

ನೆವಿಲ್‌ನ ಮನೆಗೆ, ಕಾಪುವಿಗೆ. ಅವನ ತಾಯಿ ಅಪೊಲೋನಿಯಾ ಬಾಯಿ ಊಟಕ್ಕೆ ಬರಲೇಬೇಕು ಎಂದು ಫೋನಿನಲ್ಲಿ ಹಟ ಹಿಡಿದಿದ್ದರು. ಹೋಗಲಿಕ್ಕೆ ಮನಸ್ಸಿರಲಿಲ್ಲ, ಲೆಕ್ಕಗಳು ಓಡುತ್ತಾ ಇದ್ದವು. ಆದರೆ ಸಾನ್ನ, ಕೋಳಿ ಸಾರು ಎಂದರು, ಹೋದೆ.

ಅವರು ಮಗನ ಎದುರೇ ಮಗನ ದೂರು ಹೇಳಿದರು. "ನಿಮ್ಮ ಆ ಸುರುಳಿ ಬಂದ ಮೇಲೆ ಇವನು ಬೈಕ್ ಹತ್ತುವುದಿಲ್ಲ, ಗೊತ್ತುಂಟಾ? ಬಿದ್ದು ಕೈ ಮುರಿದರೆ ಸುತ್ತುವವರು ಯಾರು ಅಂತೆ. ತೆಂಗಿನಕಾಯಿ ಒಡೆಯುವುದಿಲ್ಲ. ಮೀನು ಕ್ಲೀನ್ ಮಾಡುವುದಿಲ್ಲ, ಮುಳ್ಳು ಚುಚ್ಚಿದರೆ ಅಂತೆ. ಎರಡು ವರ್ಷ! ಮದುವೆಯಾದವರೂ ಹೆಂಡತಿಗೆ ಇಷ್ಟು ಮಾಡುವುದಿಲ್ಲ."

"ಸಾಕು ಮಾಮಿ" ಎಂದ ಅವನು. ತಾಯಿಯನ್ನು ಹಾಗೇ ಕರೆಯುವುದು.

ಊಟದ ಮೇಲೆ ದೀಪಸ್ತಂಭದ ಕಡೆ ನಡೆದೆವು. ಒಂದು ಪದರದಲ್ಲಿ ಒಂದು ಧೂಳಿನ ಕಣ ಕಂಡದ್ದಕ್ಕೆ ವಾರದ ಕೆಲಸವನ್ನೆಲ್ಲ ಬಿಚ್ಚಿ ಮೊದಲಿನಿಂದ ಸುತ್ತಿದನಂತೆ. ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲ ಎಂದೆ. "ಅದಕ್ಕೆ ಗೊತ್ತಾಗ್ತಿತ್ತು" ಎಂದ. ನಗುವ ಅಂತ ಅವನ ಮುಖ ನೋಡಿದೆ, ನಗಲಿಕ್ಕೆ ಆಗಲಿಲ್ಲ. ಬಂಡೆಯ ಮೇಲೆ ಮಕ್ಕಳು ಸೆಲ್ಫಿ ತೆಗೆಯುತ್ತಿದ್ದರು. ಬಿಸಿಲು ಜೋರಾಗಿತ್ತು.

ಫೆಬ್ರವರಿ 7, ಶುಕ್ರವಾರ

ನಲ್ವತ್ತೂ ಮುಗಿದವು. ವರದಿ ಕೊಟ್ಟೆ. ಪದರಗಳ ನಡುವಿನ ಲೇಪ ಐನೂರು ವೋಲ್ಟ್ ತಡೆಯುತ್ತದೆ, ನನ್ನ ಲೆಕ್ಕದಲ್ಲಿ ಮುನ್ನೂರು ದಾಟುವುದಿಲ್ಲ. ಆದ್ದರಿಂದ ದೊಡ್ಡ ರೆಸಿಸ್ಟರ್ ಹಾಕಬಹುದು, ತಂತಿ ತಣ್ಣಗೆ ಉಳಿಯುತ್ತದೆ. ಉಮಾನಾಥ ಸರ್ ಮೂರು ಸಲ "ಬ್ಯೂಟಿಫುಲ್" ಎಂದರು. ಹೀಲಿಯಂ ಬಂದಿದೆ. ಮಂಗಳವಾರ ಪರೀಕ್ಷೆ.

ಒಂದು ಸಣ್ಣ ಕೆಲಸ ಬಾಕಿ. ಹೊಸ ರೆಸಿಸ್ಟರಿಗೆ ಹಳೆಯ ಅರ್ತಿಂಗ್ ಸಾಲದಂತೆ, ಕಟ್ಟಡದ ಹಿಂದೆ ಗುಂಡಿ ತೋಡಿ ತಾಮ್ರದ ತಟ್ಟೆ ಹೂಳಬೇಕು. ಸೋಮವಾರ ಆಗುತ್ತದೆ.

ನನ್ನ ಹೆಸರು ಮೊದಲು ಬರುವ ಪೇಪರ್ ಆಗುತ್ತದೆ ಎಂದರು ಸರ್. ಬಸ್ಸಿನಲ್ಲಿ ಕೂತು ಅದರ ಶೀರ್ಷಿಕೆ ಯೋಚಿಸಿದೆ.

ಫೆಬ್ರವರಿ 10, ಸೋಮವಾರ

ಗುಂಡಿ ತೋಡಲಿಲ್ಲ. ಇವತ್ತಿನಿಂದ ಕೆಡ್ಡಸ.

ನನಗೇ ನೆನಪಿರಲಿಲ್ಲ, ತುಳುವರ ಮನೆಯಲ್ಲಿ ಹುಟ್ಟಿ! ಬೆಳಿಗ್ಗೆ ಅತ್ತೆ ಹುರಿದ ಅಕ್ಕಿಯ ಪುಡಿಗೆ ಬೆಲ್ಲ, ಕಾಯಿ ಹಾಕಿ ನನ್ನೆರಿ ಮಾಡಿ ಕೊಟ್ಟಾಗಲೂ ಗಬಗಬನೆ ತಿಂದು ಬಸ್ಸಿಗೆ ಓಡಿದ್ದೆ. ಭೂಮಿತಾಯಿ ಮುಟ್ಟಾಗುವ ಮೂರು ದಿನ. ನೆಲ ಅಗೆಯುವ ಹಾಗಿಲ್ಲ, ಗಿಡ ಕಡಿಯುವ ಹಾಗಿಲ್ಲ. ಅವಳಿಗೆ ರಜೆ.

ಗುಂಡಿ ತೋಡುವ ದೂಮಪ್ಪ ಬಂದಿದ್ದ. ಹಾರೆ ತಂದಿರಲಿಲ್ಲ. ಬಂದದ್ದು ಹೇಳಿ ಹೋಗಲಿಕ್ಕೆ.

"ಗುರುವಾರ ಬೆಳಿಗ್ಗೆ ಆರು ಗಂಟೆಗೆ ಬರ್ತೇನೆ ಸರ್. ಈ ಮೂರು ದಿನ ಮಣ್ಣಿಗೆ ಪೆಟ್ಟು ಹಾಕ್ಲಿಕ್ಕಿಲ್ಲ."

"ಹೀಲಿಯಂ ದಿನಾ ಆವಿಯಾಗಿ ಹೋಗ್ತಾ ಉಂಟು! ದಿನಾ!" ಎಂದರು ಉಮಾನಾಥ ಸರ್.

"ಹೋಗ್ತದೆ ಸರ್, ಎಂತ ಮಾಡುವುದು."

ಸರ್ ಬೇರೆ ಜನ ಹುಡುಕಿದರು. ಪರ್ಕಳದವನೂ ಬರುವುದಿಲ್ಲ, ಪೆರ್ಡೂರಿನವನೂ ಬರುವುದಿಲ್ಲ. ನೆವಿಲ್ ತಾನೇ ತೋಡುತ್ತೇನೆ ಎನ್ನಬಹುದೆಂದು ನೋಡಿದೆ. ಅವನು ತಲೆ ಅಲ್ಲಾಡಿಸಿದ. ನಮ್ಮ ಮನೆಯಲ್ಲೂ ಈ ಮೂರು ದಿನ ಅಗೆಯುವುದಿಲ್ಲ, ಅಜ್ಜನ ಕಾಲದಿಂದ ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಸೂಕ್ಷ್ಮ ಸೆಕೆಂಡುಗಳಲ್ಲಿ ಸಮಯ ಉಳಿಸಿದವಳು ನಾನು, ಇವರು ಮೂರು ದಿನವನ್ನು ಹೀಗೆ ಮಡಚಿ ಇಡುತ್ತಾರೆ!

ಫೆಬ್ರವರಿ 11, ಮಂಗಳವಾರ

ಅತ್ತೆ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಮಾಡಲಿಕ್ಕೆ ಕೆಲಸ ಇರಲಿಲ್ಲ. ಪೇಪರಿಗೆ ಒಂದು ಚಂದದ ಚಿತ್ರ ಮಾಡುವ ಎಂದು ಕೂತೆ. ವೋಲ್ಟೇಜಿನ ಗೆರೆ ಕೋನ ಕೋನವಾಗಿ ಕಾಣುತ್ತಿತ್ತು. ನುಣ್ಣಗೆ ಬರಲಿ ಎಂದು, ಪ್ರತಿ ಸಣ್ಣ ಹೆಜ್ಜೆಯ ಅಂಕಿಯನ್ನೂ ಉಳಿಸು ಎಂದು ಹೇಳಿ ಒಂದು ಲೆಕ್ಕವನ್ನು ಪುನಃ ಓಡಿಸಿದೆ. ಬರೀ ಚಂದಕ್ಕೆ.

ಗೆರೆಯಲ್ಲಿ ಒಂದು ಕೊಂಬು ಇತ್ತು.

ಸ್ವಿಚ್ ತೆರೆಯುವ ಕ್ಷಣದಲ್ಲಿ, ಮೂರನೆಯ ಪದರದಲ್ಲಿ, ಹೆಚ್ಚುಕಡಿಮೆ ಒಂಬೈನೂರು ವೋಲ್ಟ್. ಯಂತ್ರದ ದೋಷ ಎಂದುಕೊಂಡು ಹೆಜ್ಜೆ ಇನ್ನೂ ಚಿಕ್ಕದು ಮಾಡಿದೆ. ಕೊಂಬು ಇನ್ನೂ ಚೂಪಾಯಿತು. ನಿಜದ ಕೊಂಬು.

ಗೊತ್ತಾಯಿತು. ಸಮಯ ಉಳಿಸಲಿಕ್ಕೆ ನಾನು, ಎರಡು ಗಡಿಯಾರಗಳು ಭೇಟಿಯಾಗುವ ಕ್ಷಣಗಳ ಅಂಕಿ ಮಾತ್ರ ಇಟ್ಟುಕೊಂಡು ನಡುವಿನದನ್ನು ಎಸೆಯಲು ಹೇಳಿದ್ದೆ. ಅತಿ ಹೆಚ್ಚು ವೋಲ್ಟೇಜ್ ಎಷ್ಟು ಎಂದು ಹುಡುಕಿದ್ದೂ ಆ ಇಟ್ಟುಕೊಂಡ ಅಂಕಿಗಳಲ್ಲೇ. ಹಳೆಯ ಲೆಕ್ಕದ ಜೊತೆ ಶಾಖವನ್ನು ಹೋಲಿಸಿದ್ದೆ, ವೋಲ್ಟೇಜನ್ನು ಹೋಲಿಸಲಿಲ್ಲ. ಕೊಂಬು ಎರಡು ಭೇಟಿಗಳ ನಡುವೆ ಎದ್ದು ನಡುವೆಯೇ ಬಿದ್ದಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಿಟಕಿಯಿಂದ ಇಣುಕಿ, ಇವತ್ತು ಅಂಗಳಕ್ಕೆ ಯಾರೂ ಬರಲಿಲ್ಲ ಎಂದ ಹಾಗೆ.

ಲ್ಯಾಬಿನ ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ತಾರೀಕಿಗೆ ಸರ್ ಕೆಂಪು ಸುತ್ತು ಹಾಕಿದ್ದರು. ದೂಮಪ್ಪ ನಿನ್ನೆ ಹಾರೆ ಎತ್ತಿದ್ದರೆ ಈ ಹೊತ್ತಿಗೆ ಮೂರನೆಯ ಪದರ ಹರಿದಿರುತ್ತಿತ್ತು. ನಾನು ಹೇಳಿದ ರೆಸಿಸ್ಟರಿನಿಂದ. ಎಲ್ಲರೂ ನನ್ನನ್ನು ನಂಬಿದ್ದರು.

ಫೆಬ್ರವರಿ 12, ಬುಧವಾರ

ಬೆಳಿಗ್ಗೆ ಹೋಗಿ ನಿಂತುಕೊಂಡೇ ಹೇಳಿದೆ. ಉಮಾನಾಥ ಸರ್ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಯಾವ ಧೈರ್ಯದಲ್ಲಿ ವರದಿ ಕೊಟ್ಟಿರಿ ಸ್ವರ್ಣಲತಾ?"

"ಧೈರ್ಯ ಅಲ್ಲ ಸರ್. ಖುಷಿಯಲ್ಲಿ ಕೊಟ್ಟೆ."

ಈ ಸಲ ಅವರು ಒಂದು ಮಾತನ್ನೂ ಎರಡನೆಯ ಸಲ ಹೇಳಲಿಲ್ಲ. ಮುಂದಿನ ಮಂಗಳವಾರದವರೆಗೆ ಪರೀಕ್ಷೆಗೆ ಸಾಲುವಷ್ಟು ಹೀಲಿಯಂ ಉಳಿಯುತ್ತದೆ, ಅಷ್ಟರೊಳಗೆ ಸರಿಯಾದ ಉತ್ತರ ಕೊಡಿ ಎಂದು ಹೊರಗೆ ಹೋದರು.

ನೆವಿಲ್ ಬೈಯಲಿ ಎಂದು ಕಾದೆ. ಅವನು ಕೇಳಿದ್ದು, "ಎಷ್ಟನೆಯ ಲೇಯರ್ ಅಂದ್ರಿ?"

"ಮೂರನೆಯದು."

"ಅದು ಲೆಂಟ್ ಸಮಯದಲ್ಲಿ, ನಮ್ಮ ಉಪವಾಸದ ದಿನಗಳಲ್ಲಿ ಸುತ್ತಿದ್ದು" ಎಂದ. ಕೆಳಗೆ ಹೋಗಿ ಪಾತ್ರೆಯ ಮೇಲೆ ಕೈ ಇಟ್ಟು ನಿಂತ. ನಾನೂ ಹೋದೆ. ನಾನೂ ಕೈ ಇಟ್ಟೆ. ಹೊರಗಿನಿಂದ ತಣ್ಣಗೆ ಕೂಡ ಇರುವುದಿಲ್ಲ ಅದು, ಮಾಮೂಲಿ ಪಾತ್ರೆಯ ಹಾಗೆ. ಒಳಗೆ ಅವಳು ಇದ್ದಾಳೆ ಎಂದು ಯಾರಿಗೆ ಗೊತ್ತಾಗಬೇಕು.

ಸಂಜೆ ಕಡೆಯ ಕೆಡ್ಡಸ. ಅತ್ತೆ ತುಳಸಿಯ ಎದುರು ನೆಲ ಸಾರಿಸಿ, ಭೂಮಿತಾಯಿಯ ಸ್ನಾನಕ್ಕೆಂದು ಅರಸಿನ, ಕುಂಕುಮ, ಸೀಗೆಪುಡಿ, ಬಾಚಣಿಗೆ ಇಟ್ಟರು. ಕನ್ನಡಿ ಇಡಲಿಕ್ಕೆ ಮರೆತಿದ್ದರು, ಒಳಗಿನ ನನ್ನ ಕನ್ನಡಿ ತಂದು ಇಟ್ಟೆ. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಎಣ್ಣೆಯ ಗಿಂಡಿ ನನ್ನ ಕೈಗೇ ಕೊಟ್ಟರು. ನೆಲಕ್ಕೆ ಎಣ್ಣೆ ಬಿಟ್ಟೆ. ಸ್ವಲ್ಪ ಹೊತ್ತು ಮೇಲೆ ನಿಂತು, ಮತ್ತೆ ಮೆಲ್ಲ ಒಳಗೆ ಇಳಿಯಿತು. ಪೂರ್ತಿ ಇಳಿಯುವವರೆಗೆ ಅಲ್ಲೇ ಕೂತಿದ್ದೆ.

ಫೆಬ್ರವರಿ 13

ದೂಮಪ್ಪ ಹೇಳಿದ ಹೊತ್ತಿಗೆ ಬಂದು, ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ತೋಡಿದ. ನಾನು ಹೋಗುವಾಗ ಎದೆಯವರೆಗೆ ಗುಂಡಿಯಲ್ಲಿದ್ದ. "ದೂಮಪ್ಪಣ್ಣ, ಚಾ ಕುಡಿದ್ರಾ?" ಎಂದೆ. ಬೇರೆ ಎಂತ ಹೇಳುವುದು ಅವನಿಗೆ.

ಲೆಕ್ಕ ತಿದ್ದಿದೆ. ಸ್ವಿಚ್ ತೆರೆಯುವ ಕ್ಷಣಕ್ಕೆ ಎರಡೂ ಗಡಿಯಾರಗಳು ಬಂದು ನಿಲ್ಲಲೇಬೇಕು. ಆ ಕ್ಷಣದ ಆಚೆ ಈಚೆ ಇಬ್ಬರೂ ಸಣ್ಣ ಹೆಜ್ಜೆಯಲ್ಲಿ ಜೊತೆಗೆ ನಡೆಯಬೇಕು. ಒಂದು ಅಂಕಿಯನ್ನೂ ಎಸೆಯಬಾರದು. ಈಗ ಒಂದೊಂದಕ್ಕೆ ಒಂದು ಹಗಲು ಬೇಕು. ಸರ್ ಬೇರೆ ವಿಭಾಗದವರ ಹತ್ತಿರ ಬೇಡಿ ಹತ್ತು ಯಂತ್ರ ಕೊಡಿಸಿದರು. ತೆಗೆದುಕೊಳ್ಳಲಿ ಒಂದು ಹಗಲು.

ಫೆಬ್ರವರಿ 16, ಭಾನುವಾರ

ನಲ್ವತ್ತರಲ್ಲಿ ಉಳಿದದ್ದು ಒಂದು.

ಬಾಕಿ ಎಲ್ಲದರಲ್ಲಿ ಲೇಪ ಹರಿಯುತ್ತದೆ ಅಥವಾ ತಂತಿ ಸುಡುತ್ತದೆ. ಇದೊಂದರಲ್ಲಿ ಕೊಂಬು ನಾನೂರ ಮೂವತ್ತರಲ್ಲಿ ನಿಲ್ಲುತ್ತದೆ, ತಂತಿ ಕೂಡ ಸುಡುವುದಕ್ಕೆ ಸ್ವಲ್ಪ ಮೊದಲೇ ತಣಿಯುತ್ತದೆ. ಎರಡು ಕಡೆಯೂ ಕೂದಲೆಳೆ. ಹಳೆಯ ವಿಧಾನದಲ್ಲಿ ಇದನ್ನು ಇನ್ನೊಮ್ಮೆ ತಾಳೆ ನೋಡಲಿಕ್ಕೆ ಹನ್ನೊಂದು ದಿನ ಇಲ್ಲ. ನನ್ನ ಮಾತೇ ಕೊನೆಯ ಮಾತು. ಪೇಪರಿನ ಶೀರ್ಷಿಕೆ ನೆನಪಾಗಿ ನಾಚಿಕೆಯಾಯಿತು.

ಅತ್ತೆ, "ನಿನ್ನ ಸುರುಳಿ ಹೇಗುಂಟು?" ಎಂದು ಕೇಳಿದರು, ಯಾರದೋ ಹೆರಿಗೆಯ ವಿಷಯ ಕೇಳಿದ ಹಾಗೆ. "ನೋಡಬೇಕು ಅತ್ತೆ" ಎಂದೆ.

ಫೆಬ್ರವರಿ 18, ಮಂಗಳವಾರ

ಹನ್ನೊಂದು ಗಂಟೆಗೆ ಎಲ್ಲರೂ ಗಾಜಿನ ಈಚೆ. ನೆವಿಲ್ ಸಾವಕಾಶ ಕರೆಂಟ್ ಏರಿಸಿದ. ಪೂರ್ತಿ ಏರಿದ ಮೇಲೆ, ಮೂಲೆಯನ್ನು ಬಿಸಿ ಮಾಡುವ ಬಟನಿನ ಮೇಲೆ ಬೆರಳಿಟ್ಟು ನಿಂತ. ಉಮಾನಾಥ ಸರ್ ತಲೆಯಾಡಿಸಿದರು. ಅವನು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ಒತ್ತಲಾ ಅಕ್ಕ?"

ಇಷ್ಟು ದಿನ ಮೇಡಂ. ಇವತ್ತು ಅಕ್ಕ. ಇನ್ನೊಂದು ದಿನ ಸಿಕ್ಕಿದರೆ ಇನ್ನೊಮ್ಮೆ ನೋಡುತ್ತಿದ್ದೆ ಎನಿಸಿತು. ಇನ್ನೊಂದು ದಿನ ಇರಲಿಲ್ಲ.

"ಒತ್ತು" ಎಂದೆ.

ಮುಗಿಯಿತು. ನಾನು ಬಾಯಿ ಮುಚ್ಚುವ ಮೊದಲೇ ಮುಗಿದಿತ್ತು. ಮೇಲಿನ ಕೊಳವೆಯಿಂದ ಹೀಲಿಯಂ ಬುಸ್ಸೆಂದು ಹೊರಟು ಅಂಗಳದಲ್ಲಿ ಬಿಳಿ ಮೋಡವಾಯಿತು, ಕಾಗೆಗಳೆಲ್ಲ ಹಾರಿದವು. ಪರದೆಯಲ್ಲಿ ಗೆರೆ ಬಂತು. ಮೂರನೆಯ ಪದರ. ಕೊಂಬು. ನಾನೂರ ನಲ್ವತ್ತೊಂದು.

ನನ್ನ ಗೆರೆಯನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿದೆವು. ಕೊಂಬು ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ. ಇಳಿಜಾರಿನಲ್ಲಿ ನನ್ನದಕ್ಕಿಂತ ಅವಳದ್ದು ಸ್ವಲ್ಪ ಮೆತ್ತಗೆ. ಯಾಕೆ ಎಂದು ಗೊತ್ತಿಲ್ಲ, ನನಗೆ ತಿಳಿಯದ್ದು ಏನೋ ಒಂದು ಅವಳ ಒಳಗೆ ಉಂಟು.

ಕೂತಲ್ಲೇ ಕೂತೆ. ಹನ್ನೊಂದು ದಿನ, ಮೂರು ಗಂಟೆ, ಒಂದು ಹಗಲು ಎಂದು ನಾನು ಎಷ್ಟು ಒದ್ದಾಡಿದೆ! ಅವಳು ಅದನ್ನೆಲ್ಲ ಅರ್ಧ ಸೆಕೆಂಡಿನಲ್ಲಿ ಮಾಡಿ ಮುಗಿಸಿದಳು. ಶಾಖ, ಕ್ಷೇತ್ರ, ಲಕ್ಷಾಂತರ ಬಿಂದುಗಳು, ಎಲ್ಲ ಒಟ್ಟಿಗೆ, ಒಂದನ್ನೂ ಎಸೆಯದೆ. ಲೆಕ್ಕವನ್ನೇ ಹಾಕದೆ. ನನಗೆ ತಲೆ ಬಾಗಿಸಬೇಕು ಎನಿಸಿತು, ಯಾರಿಗೆ ಎಂದು ಗೊತ್ತಾಗಲಿಲ್ಲ.

ಆದರೆ ಬದುಕಿದ್ದಾಳಾ ಎಂದು ಇನ್ನೂ ಗೊತ್ತಿಲ್ಲ. ಒಳಗೆ ಎಲ್ಲೋ ಒಂದು ಎಳೆ ಸುಟ್ಟಿದ್ದರೆ ಗೆರೆಯಲ್ಲಿ ಕಾಣುವುದಿಲ್ಲ. ತೆಗೆದಿಟ್ಟ ಇನ್ನೊಂದು ಪಾತ್ರೆಯ ಹೀಲಿಯಂ ಹಾಕಿ ಪುನಃ ತಣಿಸಿ, ಸ್ವಲ್ಪ ಕರೆಂಟ್ ಬಿಟ್ಟು, ಎರಡು ತುದಿಗಳ ನಡುವೆ ವೋಲ್ಟೇಜ್ ಉಂಟಾ ಎಂದು ನೋಡಬೇಕು. ಇದ್ದರೆ ತಡೆ ಹುಟ್ಟಿದೆ, ಸತ್ತಳು. ತಣಿಯಲಿಕ್ಕೆ ನಾಳೆ ಇಡೀ ದಿನ ಬೇಕು.

ಫೆಬ್ರವರಿ 19

ತಣಿಯುತ್ತಿದ್ದಾಳೆ. ಇದಕ್ಕೆ ಗಡಿಬಿಡಿ ಮಾಡುವ ಹಾಗಿಲ್ಲ.

ಫೆಬ್ರವರಿ 20, ಗುರುವಾರ

ಬೆಳಿಗ್ಗೆ ನೆವಿಲ್ ಕರೆಂಟ್ ಬಿಟ್ಟ. ಮೀಟರಿಗೆ ಬೆನ್ನು ಹಾಕಿ ನಿಂತುಬಿಟ್ಟ.

"ನನ್ನಿಂದ ಆಗುವುದಿಲ್ಲ ಅಕ್ಕ. ನೀವು ಓದಿ."

ಓದಿದೆ. ಕೊನೆಯ ಅಂಕಿ ಒಮ್ಮೆ ಹಾರಿತು, ನನ್ನ ಜೀವ ಹಾರಿತು. ಮತ್ತೆ ನಿಂತಿತು. ಅವನು ಕರೆಂಟ್ ಇನ್ನಷ್ಟು ಏರಿಸಿದ, ನೋಡದೆಯೇ. ಮೀಟರ್ ಹಾಗೆಯೇ ಇತ್ತು. ಇನ್ನಷ್ಟು ಏರಿಸಿದ. ಹಾಗೆಯೇ.

"ಎಷ್ಟು?" ಎಂದ.

ನನಗೆ ಸ್ವರ ಹೊರಡಲಿಲ್ಲ. ಅವನು ಅದನ್ನು ಬೇರೆ ರೀತಿ ತಿಳಿದುಕೊಂಡ. ಅವನ ಹೆಗಲು ಕುಸಿದದ್ದನ್ನು ನಾನು ಹಿಂದಿನಿಂದ ನೋಡಿದೆ.

"ಸೊನ್ನೆ" ಎಂದೆ. "ನೆವಿಲ್, ಸೊನ್ನೆ ಮಾರಾಯ, ಸೊನ್ನೆ!"

ಎರಡು ವರ್ಷ ತೆಂಗಿನಕಾಯಿ ಒಡೆಯದ ಆ ಕೈಗಳಲ್ಲಿ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತು, ಮಗುವಿನ ಹಾಗೆ ಅತ್ತ. ನಾನು ಪಕ್ಕದಲ್ಲಿ ಕೂತೆ. ಇಪ್ಪತ್ತು ವರ್ಷ ಎಷ್ಟೋ ಉತ್ತರ ಪತ್ರಿಕೆಗಳ ಮೇಲೆ ಸೊನ್ನೆ ಹಾಕಿದ್ದೇನೆ, ಒಂದನ್ನೂ ಇಷ್ಟು ಹೊತ್ತು ನೋಡಿರಲಿಲ್ಲ.